ಒಂದು ಜಟೆಗೆ ಎಷ್ಟು ಹೊತ್ತು?

ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ ತಟ್ಟಿಸಿಕೊಂಡು, ಸೀಗೇಕಾಯಿ ಹಾಕಿ ಎರೆದುಕೊಂಡು, ಹಿತ್ತಲ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಹೆಂಗಸರನ್ನು ನೋಡಿ ಬೆಳೆದವರಿಗೆ ಉದ್ದ ಕೂದಲು ಎಷ್ಟು ಹೊತ್ತು ಬೇಡುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಂಡೆ ಕಾಯಬೇಕು, ಎಣ್ಣೆ ಇಳಿಯಬೇಕು, ಜಿಡ್ಡು ಹೋಗಬೇಕು, ಆಮೇಲೆ ಒಣಗಬೇಕು. ಇಷ್ಟು ಮುಗಿಯುವ ಹೊತ್ತಿಗೆ ಊಟದ ವೇಳೆಯಾಗಿರುತ್ತದೆ. ಈ ಕಾರಣಕ್ಕೇ ಎಷ್ಟೋ ಮಂದಿ ಉದ್ಯೋಗಸ್ಥ ಮಹಿಳೆಯರು ಜಡೆ ಕತ್ತರಿಸಿ ಹಗುರಾದರು.

ಬಾಬ್ ಮಾರ್ಲೆಯ ಚಿತ್ರವನ್ನು ಟೀ ಶರ್ಟುಗಳ ಮೇಲೆ ಕಂಡಿರುವ ನಮ್ಮ ಹುಡುಗರು ಆ ಹಗ್ಗದಂಥ ಕೂದಲನ್ನು ನೋಡಿ ಅಂದುಕೊಳ್ಳುವುದು ಇದಕ್ಕೆ ತದ್ವಿರುದ್ಧ. ತೊಳೆಯುವ ಗೊಡವೆಯಿಲ್ಲ, ಬಾಚುವ ತಾಪತ್ರಯವಿಲ್ಲ, ಬಿಟ್ಟರೆ ತಾನಾಗಿ ಆಗುತ್ತದೆ ಎಂಬುದು ಅವರ ಎಣಿಕೆ. ಈ ಬರಹಕ್ಕೆ ಕೈಹಾಕುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ಬಾಚುವುದಿಲ್ಲ ಎಂಬುದೊಂದು ಮಾತ್ರ ನಿಜ.

ಡ್ರೆಡ್‌ಲಾಕ್ಸ್ ಎಂದು ಜಗತ್ತಿಗೆ ಪರಿಚಿತವಾದ ಈ ಜಟೆಯನ್ನು ಈಗ ಅನೇಕರು ಬರೀ ‘ಲಾಕ್ಸ್’ ಎನ್ನುತ್ತಾರೆ. ಡ್ರೆಡ್ ಎಂದರೆ ದಿಗಿಲು. ನಮ್ಮ ಕೂದಲಿನಲ್ಲಿ ದಿಗಿಲು ಬೀಳುವಂಥದ್ದೇನಿದೆ ಎಂಬುದು ಅವರ ಪ್ರಶ್ನೆ.

ಆಫ್ರಿಕಾ ಮೂಲದವರ ಗುಂಗುರು ಕೂದಲು ಬುಡದಿಂದಲೇ ಸುರುಳಿ ಸುತ್ತಿಕೊಂಡು ಬೆಳೆಯುತ್ತದೆ. ಮನುಷ್ಯನ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನಮ್ಮಲ್ಲಿ ಅದು ಬಾಚಣಿಗೆಗೆ ಬರುತ್ತದೆ. ಸುರುಳಿ ಕೂದಲನ್ನು ಬಾಚದೆ ಬಿಟ್ಟರೆ ಉದುರಿದ್ದು ಅಲ್ಲೇ ಪಕ್ಕದ ಕೂದಲಿಗೆ ಸುತ್ತಿಕೊಂಡು, ಕ್ರಮೇಣ ನೂಲು ಹುರಿಗೊಂಡಂತೆ ಗಟ್ಟಿಯಾಗುತ್ತದೆ. ಹೀಗೆ ಜಟೆ ಪಕ್ವವಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ತಲೆಗೂದಲು ಬೆಳೆಯುವುದು ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಮಾತ್ರ. ಸೊಂಟಕ್ಕಿಳಿದ ಜಟೆ ಕಂಡರೆ ಅದರ ಹಿಂದೆ ಐದಾರು ವರ್ಷವಾದರೂ ಇದೆ ಎಂದು ಲೆಕ್ಕ ಹಾಕಬಹುದು.

ತೊಳೆಯುವುದಂತೂ ದೊಡ್ಡ ಕೆಲಸ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಮಾಡುವವರೇ ಹೆಚ್ಚು. ಮೊದಲು ನೀರು ಜಟೆಯ ಒಳಗಿನವರೆಗೆ ಇಳಿಯಬೇಕು. ನೀರು ಬೆರೆಸಿ ತೆಳುವಾಗಿಸಿದ ಶಾಂಪೂವನ್ನು ನೆತ್ತಿಗೆ ಹಾಕಿ, ಸಾಲು ಸಾಲಾಗಿ ಬೆರಳ ತುದಿಯಿಂದ ಉಜ್ಜಬೇಕು. ಆಮೇಲೆ ಒಂದೊಂದೇ ಜಟೆ ಹಿಡಿದು ಹಿಂಡಬೇಕು. ಸೋಪಿನ ಅಂಶ ಒಳಗೆ ಉಳಿದರೆ ಬಿಳಿ ಜಿಡ್ಡಾಗಿ ಕಟ್ಟಿಕೊಳ್ಳುತ್ತದೆ, ಮತ್ತೆ ತೆಗೆಯುವುದು ಕಷ್ಟ. ಹಾಗಾಗಿ ಹಿಂಡುವುದು, ಜಾಲಿಸುವುದು, ಮತ್ತೆ ಹಿಂಡುವುದು.

ಇಷ್ಟಾದರೂ ಮುಗಿಯಲಿಲ್ಲ. ಒದ್ದೆ ಕಂಬಳಿ ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ಗೊತ್ತಿರುವವರು ದಪ್ಪ ಜಟೆಯ ಪಾಡನ್ನು ಊಹಿಸಿಕೊಳ್ಳಬಹುದು. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ. ಹಾಗೆಯೇ ಕಟ್ಟಿಕೊಂಡು ಮಲಗಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಉದ್ದ ಜಟೆಯವರು ಬೆಳಿಗ್ಗೆಯೇ ತೊಳೆದು ಇಡೀ ಹಗಲನ್ನು ಒಣಗಲು ಬಿಡುವುದು ಇದಕ್ಕೇ. ಇನ್ನು ನಾಲ್ಕಾರು ವಾರಕ್ಕೊಮ್ಮೆ ಹೊಸದಾಗಿ ಬೆಳೆದ ಬುಡವನ್ನು ಲೋಳೆಸರವನ್ನೋ ಜೆಲ್ಲನ್ನೋ ಹಚ್ಚಿ ಹುರಿಮಾಡಿಸಬೇಕು. ಅದಕ್ಕೆ ಸಲೂನಿನಲ್ಲಿ ಎರಡರಿಂದ ನಾಲ್ಕು ತಾಸು. ಅಮೆರಿಕದಲ್ಲಿ 1993ರಲ್ಲಿ ಜೋಆನ್ ಕಾರ್ನ್‌ವೆಲ್ ರೂಪಿಸಿದ ‘ಸಿಸ್ಟರ್‌ಲಾಕ್ಸ್’ ಎಂಬ ಎಳೆ ಜಟೆಯಲ್ಲಿ ತಲೆಯ ಮೇಲೆ ನಾನ್ನೂರಕ್ಕೂ ಹೆಚ್ಚು ಎಳೆಗಳಿರುವುದುಂಟು. ಅದನ್ನು ಮೊದಲ ಸಲ ಕಟ್ಟಿಸಲು ಎರಡು ದಿನ ಕೂರಬೇಕು.

ಕಪ್ಪು ಜನರಿಗೆ ಕೂದಲಿನ ಕೆಲಸಕ್ಕೆ ಹೊತ್ತು ಸಿಕ್ಕುವುದೇ ಒಂದು ಕಾಲಕ್ಕೆ ಭಾಗ್ಯವಾಗಿತ್ತು. ಗುಲಾಮಗಿರಿಯ ದಿನಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ತೋಟಗಳಲ್ಲಿ ಸಾಮಾನ್ಯವಾಗಿ ಭಾನುವಾರವೊಂದೇ ಬಿಡುವು. ವಾರವಿಡೀ ಬಟ್ಟೆಯಡಿ ಮುಚ್ಚಿಟ್ಟ ಕೂದಲನ್ನು ಅಂದು ಬಿಚ್ಚಿ, ಒಬ್ಬರ ಹಿಂದೊಬ್ಬರು ಕೂತು ಬಿಡಿಸುತ್ತಿದ್ದರು. ಸರಿಯಾದ ಬಾಚಣಿಗೆ ಇರಲಿಲ್ಲ. ಕುರಿಯ ಉಣ್ಣೆ ಹಿಂಜುವ ಹಲ್ಲಿನ ಹಲಗೆಯನ್ನೇ ಬಳಸಿದ್ದಕ್ಕೆ ದಾಖಲೆಗಳಿವೆ. ಬಿಡುಗಡೆಯ ಮೇಲೆ ಬಂದದ್ದು ಕೂದಲನ್ನು ನೇರ ಮಾಡುವ ಯುಗ. ಕಾಯಿಸಿದ ಕಬ್ಬಿಣದ ಬಾಚಣಿಗೆ, ಆಮೇಲೆ ಸುಣ್ಣದಂತೆ ಸುಡುವ ರಾಸಾಯನಿಕ. ಮಾಲ್ಕಮ್ ಎಕ್ಸ್ ತನ್ನ ಆತ್ಮಕಥೆಯಲ್ಲಿ ಆ ಉರಿಯನ್ನೂ, ಬಿಳಿಯರಂತೆ ಕಾಣಲು ಅದನ್ನು ಸಹಿಸಿದ್ದಕ್ಕೆ ಪಟ್ಟ ನಾಚಿಕೆಯನ್ನೂ ಬರೆದುಕೊಂಡಿದ್ದಾನೆ. ನೇರ ಕೂದಲಿಗೂ ಆರೆಂಟು ವಾರಕ್ಕೊಮ್ಮೆ ಅರ್ಧ ದಿನ ತೆರಬೇಕು. 33 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಈ ರಾಸಾಯನಿಕಗಳನ್ನು ಪದೇ ಪದೇ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದುದನ್ನು ಹೇಳಿತು. ಹೊತ್ತಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳುವುದು ನ್ಯಾಯ.

ಜಟೆಯನ್ನು ಜಗತ್ತಿಗೆ ಕಾಣಿಸಿದವರು ಜಮೈಕಾದ ರಾಸ್ತಾಫಾರಿಗಳು. 1930ರ ನವೆಂಬರ್ 2ರಂದು ಇಥಿಯೋಪಿಯಾದಲ್ಲಿ ರಾಸ್ ತಫಾರಿ ಎಂಬಾತ ಹೈಲೆ ಸೆಲಾಸಿ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದ. ದೂರದ ಜಮೈಕಾದ ಬಡ ಕಪ್ಪು ಜನ ಆತನನ್ನು ದೇವರ ಅವತಾರವೆಂದೇ ಕಂಡರು. ಈ ಪಂಥದ ಮೊದಲ ಬೋಧಕರಲ್ಲಿ ಒಬ್ಬನಾದ ಲಿಯೊನಾರ್ಡ್ ಹೋವೆಲ್ 1940ರಲ್ಲಿ ‘ಪಿನಾಕಲ್’ ಎಂಬ ಗುಡ್ಡದ ಮೇಲೆ ಅನುಯಾಯಿಗಳ ಊರೊಂದನ್ನೇ ಕಟ್ಟಿದ. ಆತ ಇಟ್ಟುಕೊಂಡಿದ್ದ ಇನ್ನೊಂದು ಹೆಸರು ಕೇಳಿದರೆ ನಮ್ಮವರು ಬೆರಗಾಗಬಹುದು: ಗಂಗುಂಗುರು ಮರಾಘ್. ಅದರಲ್ಲಿ ಗುರುವೂ ಇದ್ದಾನೆ, ಮಹಾರಾಜನೂ ಇದ್ದಾನೆ.

ಇದು ಎಲ್ಲಿಂದ ಬಂತು? 1845ರಿಂದ 1917ರವರೆಗೆ ಸುಮಾರು 36 ಸಾವಿರ ಭಾರತೀಯರನ್ನು ಕರಾರು ಕೂಲಿಗಳಾಗಿ ಜಮೈಕಾದ ಕಬ್ಬಿನ ತೋಟಗಳಿಗೆ ಸಾಗಿಸಲಾಗಿತ್ತು. ಗಾಂಜಾ ಎಂಬ ಮಾತು ಅಲ್ಲಿ ಬೇರೂರಿದ್ದು ಅವರಿಂದಲೇ. ಜಟಾಧಾರಿ ಸಾಧುಗಳ ನೆನಪೂ ಅವರ ಜೊತೆಗೆ ಹೋಗಿ ರಾಸ್ತಾಗಳ ತಲೆ ಏರಿತು ಎಂದು ಅಜಯ್ ಮಾನಸಿಂಗ್ ಮತ್ತು ಲಕ್ಷ್ಮೀ ಮಾನಸಿಂಗ್ ವಾದಿಸಿದ್ದಾರೆ. ಕೀನ್ಯಾದಲ್ಲಿ 1952ರಿಂದ ಬ್ರಿಟಿಷರ ವಿರುದ್ಧ ಕಾಡಿನಲ್ಲಿದ್ದು ಹೋರಾಡಿದ ಮೌ ಮೌ ಯೋಧರ ಜಟೆಯ ಫೋಟೊಗಳೇ ಪ್ರೇರಣೆ ಎನ್ನುವವರೂ ಇದ್ದಾರೆ. ಸ್ವತಃ ಜಮೈಕಾದವರಾದ ವಿದ್ವಾಂಸ ಬ್ಯಾರಿ ಶೆವಾನಸ್ ಪ್ರಕಾರ, 1940ರ ದಶಕದ ಕೊನೆಯಲ್ಲಿ ಕಿಂಗ್‌ಸ್ಟನ್ನಿನ ಕೊಳೆಗೇರಿಯ ತರುಣ ರಾಸ್ತಾಗಳು ಹಿರಿಯರನ್ನೂ ಸಮಾಜವನ್ನೂ ಒಟ್ಟಿಗೆ ಬೆಚ್ಚಿಬೀಳಿಸಲೆಂದು ಬಾಚಣಿಗೆ ಬಿಟ್ಟರು. ರಾಸ್ತಾಗಳು ತಾವು ಹೇಳುವ ಆಧಾರ ಬೈಬಲ್ಲಿನ ಸಂಖ್ಯಾಕಾಂಡದ ಆರನೆಯ ಅಧ್ಯಾಯ. ವ್ರತ ತೊಟ್ಟವನ ತಲೆಗೆ ಕ್ಷೌರದ ಕತ್ತಿ ಸೋಕಬಾರದು ಎಂಬ ನಿಯಮ ಅಲ್ಲಿದೆ. ಒಂದೇ ಮೂಲ ಹುಡುಕುವ ಹಟ ಇಲ್ಲಿ ಫಲಿಸುವುದಿಲ್ಲವೆಂದು ನನಗೆ ತೋರುತ್ತದೆ. ಬಡವರ ಊರುಗಳಲ್ಲಿ ನಾಲ್ಕು ಕಡೆಯ ಮಾತು ಒಂದೇ ಒಲೆಯ ಸುತ್ತ ಕೂಡುತ್ತದೆ.

ಒಂದು ಮಾತು. ಕತ್ತರಿ, ಕತ್ತಿ, ಬಾಚಣಿಗೆ ಬಿಟ್ಟ ರಾಸ್ತಾಗಳು ನೀರನ್ನು ಬಿಡಲಿಲ್ಲ. ಸೋಪು ಬೇಡವೆಂದವರೂ ಸೊಪ್ಪು, ಲೋಳೆಸರ ಹಾಕಿ ತೊಳೆದರು. ಕೊಳಕರು ಎಂಬ ಹೆಸರು ಮಾತ್ರ ಅವರಿಗೆ ಅಂಟಿಕೊಂಡಿತು.

ಹೆಸರಿನ ಹಿಂದೆ ಕತ್ತರಿಯೂ ಬಂತು. 1963ರ ಏಪ್ರಿಲ್‌ನಲ್ಲಿ, ಜಮೈಕಾ ಸ್ವತಂತ್ರವಾಗಿ ವರ್ಷ ತುಂಬುವ ಮೊದಲೇ, ಕೋರಲ್ ಗಾರ್ಡನ್ಸ್ ಎಂಬಲ್ಲಿ ಜಮೀನಿನ ತಕರಾರೊಂದು ಹಿಂಸೆಗೆ ತಿರುಗಿತು. ಪೊಲೀಸರೂ ಸೈನಿಕರೂ ಸಿಕ್ಕಸಿಕ್ಕ ರಾಸ್ತಾಗಳನ್ನು ಹಿಡಿದು ಬಡಿದು, ಜೈಲಿಗೆ ತಳ್ಳಿ, ಜಟೆ ಕತ್ತರಿಸಿದರು. ಹತ್ತು ವರ್ಷ ಬೆಳೆದದ್ದು ಹತ್ತು ನಿಮಿಷದಲ್ಲಿ ನೆಲದ ಮೇಲೆ. ಪ್ರಧಾನಿ ಆಂಡ್ರೂ ಹೋಲ್ನೆಸ್ ಸಂಸತ್ತಿನಲ್ಲಿ ಇದಕ್ಕೆ ಕ್ಷಮೆ ಕೇಳಿದ್ದು 2017ರಲ್ಲಿ, 54 ವರ್ಷಗಳ ನಂತರ.

ಕತ್ತರಿಗೂ ಜಟೆಗೂ ಇರುವ ಈ ಹೊತ್ತಿನ ಅಂತರವೇ ಅಮೆರಿಕದ ನ್ಯಾಯಾಲಯಗಳಲ್ಲೂ ಬಂದು ನಿಂತಿತು. 2010ರಲ್ಲಿ ಅಲಬಾಮಾದ ಕಂಪನಿಯೊಂದು ಜಟೆ ತೆಗೆಯಲೊಪ್ಪದ ಯುವತಿಗೆ ಕೊಟ್ಟ ಕೆಲಸವನ್ನು ವಾಪಸು ಪಡೆಯಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದರ ತಾತ್ಪರ್ಯ: ಚರ್ಮದ ಬಣ್ಣ ಬದಲಾಗದು, ಕೇಶಶೈಲಿ ಬದಲಾಯಿಸಬಹುದಾದ್ದು, ಆದ್ದರಿಂದ ಇದು ಜನಾಂಗಭೇದವಲ್ಲ. ತರ್ಕ ಅಚ್ಚುಕಟ್ಟಾಗಿದೆ. ಆದರೆ ಹೆಣೆದ ಜಡೆಯನ್ನು ಸಂಜೆ ಬಿಚ್ಚಿ ಬೆಳಿಗ್ಗೆ ಹೆಣೆಯಬಹುದು. ಪಕ್ವವಾದ ಜಟೆಯನ್ನು ಬಿಡಿಸಲು ದಿನಗಟ್ಟಲೆ ಕೂರಬೇಕು, ಇಲ್ಲವೇ ಕತ್ತರಿಸಬೇಕು.

2018ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯ ಶಾಲಾ ಕುಸ್ತಿ ಪಂದ್ಯದಲ್ಲಿ ರೆಫರಿ ಹದಿನಾರರ ಹುಡುಗನೊಬ್ಬನಿಗೆ ಜಟೆ ತೆಗೆ, ಇಲ್ಲವೇ ಪಂದ್ಯ ಬಿಡು ಎಂದರು. ತೀರ್ಮಾನಿಸಲು ಒಂದೂವರೆ ನಿಮಿಷ. ಅಖಾಡದ ಅಂಚಿನಲ್ಲೇ ಕತ್ತರಿ ಆಡಿತು. ಹುಡುಗ ಗೆದ್ದ, ಆದರೆ ವಿಡಿಯೋದಲ್ಲಿ ಅವನ ಮುಖದ ಮೇಲೆ ಗೆಲುವಿರಲಿಲ್ಲ. ಸರಿಯಾಗಿ ಒಂದು ವರ್ಷದ ದಿನ, 2019ರ ಡಿಸೆಂಬರ್ 19ರಂದು, ಆ ರಾಜ್ಯ ಕೇಶಶೈಲಿಯ ಮೇಲಿನ ತಾರತಮ್ಯವನ್ನು ನಿಷೇಧಿಸುವ ‘ಕ್ರೌನ್’ ಕಾಯ್ದೆಗೆ ಅಂಕಿತ ಹಾಕಿತು. ಅದೇ ವರ್ಷ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಮೊದಲನೆಯದಾಗಿ ಇಂಥ ಕಾನೂನು ಮಾಡಿತ್ತು. ಟೆಕ್ಸಾಸಿನಲ್ಲೂ 2023ರ ಸೆಪ್ಟೆಂಬರಿನಿಂದ ಜಾರಿಗೆ ಬಂತು. ಆದರೂ ಅಲ್ಲಿ ಹೈಸ್ಕೂಲು ವಿದ್ಯಾರ್ಥಿಯೊಬ್ಬ ತಿಂಗಳುಗಟ್ಟಲೆ ತರಗತಿಯಿಂದ ಹೊರಗಿರಬೇಕಾಯಿತು. ಕಾನೂನು ಶೈಲಿಯ ಬಗ್ಗೆ ಹೇಳುತ್ತದೆ, ಉದ್ದದ ಬಗ್ಗೆ ಅಲ್ಲ ಎಂಬ ಶಾಲೆಯ ವಾದವನ್ನು 2024ರಲ್ಲಿ ನ್ಯಾಯಾಧೀಶರು ಒಪ್ಪಿದರು.

ಕೂದಲು ಕಟ್ಟುವವರ ಹೊತ್ತಿಗೂ ಸರ್ಕಾರ ಲೆಕ್ಕ ಹಾಕಿತ್ತು. ಡಲ್ಲಾಸಿನ ಐಸಿಸ್ ಬ್ರಾಂಟ್ಲಿ ಎಂಬಾಕೆಯನ್ನು ಪರವಾನಗಿಯಿಲ್ಲದೆ ಕೂದಲು ಹೆಣೆದರೆಂದು 1997ರಲ್ಲಿ ಪೊಲೀಸರು ಬಂಧಿಸಿದರು. ಕತ್ತರಿ ಮುಟ್ಟದ, ರಾಸಾಯನಿಕ ಹಚ್ಚದ ಆಕೆಗೂ ಕ್ಷೌರ ವಿದ್ಯೆಯ ನೂರಾರು ಗಂಟೆಗಳ ತರಬೇತಿ ಬೇಕಂತೆ. ಇತರರಿಗೆ ಕಲಿಸಬೇಕಾದರೆ ಆಕೆಯ ಶಾಲೆಯಲ್ಲಿ ತಲೆ ತೊಳೆಯುವ ಸಿಂಕುಗಳೂ ಇರಬೇಕಂತೆ, ಹೆಣಿಗೆಗೆ ಸಿಂಕಿನ ಕೆಲಸವೇ ಇಲ್ಲದಿದ್ದರೂ. ಆಕೆ ಬಿಡಲಿಲ್ಲ. 2015ರಲ್ಲಿ ಫೆಡರಲ್ ನ್ಯಾಯಾಧೀಶರು ಈ ನಿಯಮಗಳನ್ನು ತಳ್ಳಿಹಾಕಿದರು, ಅದೇ ವರ್ಷ ಟೆಕ್ಸಾಸ್ ಹೆಣಿಗೆಗೆ ಪರವಾನಗಿಯನ್ನೇ ಕೈಬಿಟ್ಟಿತು. ಒಟ್ಟು 18 ವರ್ಷ.

ಇದನ್ನೆಲ್ಲ ಓದುವಾಗ ಸವದತ್ತಿ ನೆನಪಾಗದೆ ಇರದು. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಗಳ ಕೂದಲು ಗಂಟುಗಟ್ಟಿತೆಂದರೆ ಅದು ಯಲ್ಲಮ್ಮ ಬಂದ ಗುರುತು. ಅದಕ್ಕೆ ಭಂಡಾರ ಹಚ್ಚಬೇಕು, ಬಿಡಿಸಬಾರದು, ಕತ್ತರಿಸಿದರೆ ಕೇಡು. ಎಷ್ಟೋ ಹುಡುಗಿಯರನ್ನು ದೇವದಾಸಿಯಾಗಿ ಬಿಡಲು ಈ ಗಂಟೇ ಕಾರಣವಾಯಿತು. 1982ರ ಕರ್ನಾಟಕದ ಕಾಯ್ದೆ ಅಂಥ ಸಮರ್ಪಣೆಯನ್ನು ಅಪರಾಧವೆಂದಿತು. ಸುಧಾರಕರು ಊರೂರಿಗೆ ಹೋಗಿ, ಮನವೊಲಿಸಿ ಜಡೆ ಕತ್ತರಿಸಿದರು, ಶಾಂಪೂ ಕೊಟ್ಟರು. ಹಾಗೆ ಹಗುರಾದ ತಲೆಗಳೆಷ್ಟೋ. ಅಮೆರಿಕದ ವಿದ್ವಾಂಸೆ ಲೂಸಿಂಡಾ ರಾಂಬರ್ಗ್ 2014ರ ತಮ್ಮ ಪುಸ್ತಕದಲ್ಲಿ ಈ ಕತ್ತರಿಯ ಇನ್ನೊಂದು ಮುಖವನ್ನೂ ಕೇಳಿದ್ದಾರೆ: ಜಡೆ ಹೊತ್ತವಳು ತಾನೇ ಅದನ್ನು ದೇವಿಯೆಂದಾಗ ಬರೀ ಕೊಳೆ ಎನ್ನುವ ಹಕ್ಕು ಯಾರದು? ಜಮೈಕಾದ ಜಟೆ ಬೇಕೆಂದು ಬೆಳೆಸಿದ್ದು, ನಮ್ಮಲ್ಲಿನದು ಬಹಳ ಸಲ ಬೇಡವೆಂದರೂ ಹೊರಿಸಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ. ಆದರೆ ಆ ಪ್ರಶ್ನೆಯನ್ನು ತಳ್ಳಿಹಾಕಲೂ ಆಗಲಿಲ್ಲ.

ಮತ್ತೆ ಜಮೈಕಾಕ್ಕೇ ಬರೋಣ. 2018ರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಯೊಂದು ಐದು ವರ್ಷದ ಹುಡುಗಿಯನ್ನು ಸೇರಿಸಿಕೊಳ್ಳಬೇಕಾದರೆ ಜಟೆ ತೆಗೆಸಿ ಎಂದಿತು. ಕೊಟ್ಟ ಕಾರಣ ಹೇನು ಮತ್ತು ಶುಚಿತ್ವ. ತಂದೆತಾಯಿ ಒಪ್ಪದೆ ನ್ಯಾಯಾಲಯಕ್ಕೆ ಹೋದರು. ಮಧ್ಯಂತರ ಆದೇಶದ ಮೇಲೆ ಮಗು ಜಟೆಯೊಂದಿಗೇ ಶಾಲೆಗೆ ಹೋಗತೊಡಗಿತು. 2020ರ ಜುಲೈ 31ರಂದು ಅಲ್ಲಿನ ಸುಪ್ರೀಂ ಕೋರ್ಟು ಶಾಲೆಯ ಪರ ತೀರ್ಪು ಕೊಟ್ಟಿತು. ಅಲ್ಲಿ ಅದರ ಮೇಲೂ ಮೇಲ್ಮನವಿ ನ್ಯಾಯಾಲಯವಿದೆ. ಅದು 2024ರಲ್ಲಿ ಆ ತೀರ್ಪನ್ನು ಬದಿಗೊತ್ತಿ, ಮಗುವಿನ ಸಂವಿಧಾನಬದ್ಧ ಹಕ್ಕಿಗೆ ಧಕ್ಕೆಯಾಗಿದೆ ಎಂದಿತು. ಅಷ್ಟರಲ್ಲಿ ಆರು ವರ್ಷ ಕಳೆದಿತ್ತು, ಹುಡುಗಿ ಪ್ರಾಥಮಿಕ ಶಾಲೆ ಮುಗಿಸುವ ವಯಸ್ಸಿಗೆ ಬಂದಿದ್ದಳು.