ಸೋತವನ ಹೆಸರೂ ಉಳಿದ ಜಗಳ

ಸ್ಥಿರಾನುಪಾತ ನಿಯಮ ಅಂತ ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರ್ತೀವಿ. ನೀರು ಎಲ್ಲಿಂದಲೇ ತನ್ನಿ, 9 ಗ್ರಾಂ ಶುದ್ಧ ನೀರಲ್ಲಿ ಸುಮಾರು 1 ಗ್ರಾಂ ಜಲಜನಕ, 8 ಗ್ರಾಂ ಆಮ್ಲಜನಕ. ಇಷ್ಟೇ ತಾನೇ ಅನ್ನಿಸುತ್ತೆ. ಆದ್ರೆ ಈ ಒಂದು ಸಾಲಿಗಾಗಿ ಇಬ್ಬರು ಫ್ರೆಂಚರು ವರ್ಷಗಟ್ಟಲೆ ಕಿತ್ತಾಡಿದ್ದರು! ವಿಜ್ಞಾನದ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಜಗಳ ಇದು.

1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದಾಗ ಜೊತೆಗೆ ಹೋದ ವಿಜ್ಞಾನಿಗಳಲ್ಲಿ ಬರ್ತೊಲೆ ಒಬ್ಬ. ಅಲ್ಲಿನ ಉಪ್ಪುಸರೋವರಗಳ ದಡದಲ್ಲಿ ಸೋಡಾ ಹೆಪ್ಪುಗಟ್ಟಿತ್ತು, ಹಿಂದಿನವರು ಮಮ್ಮಿ ಮಾಡೋಕೆ ಬಳಸುತ್ತಿದ್ದ ಅದೇ ಸೋಡಾ. ಅಡುಗೆ ಉಪ್ಪು, ಸುಣ್ಣಕಲ್ಲು ಸೇರಿ ಸೋಡಾ ಆಗಿದೆ ಅಂತ ಅವನಿಗೆ ಹೊಳೆಯಿತು. ಪ್ರಯೋಗಾಲಯದಲ್ಲಿ ಆಗೋದು ಇದರ ಉಲ್ಟಾ! ಅಂದ್ರೆ ಯಾವ ವಸ್ತು ಎಷ್ಟಿದೆ ಅನ್ನೋದು ಕ್ರಿಯೆಯ ದಿಕ್ಕನ್ನೇ ತಿರುಗಿಸಬಲ್ಲದು. ಅದ್ಭುತ ಒಳನೋಟ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ.. ಹಾಗಾದ್ರೆ ಸಂಯುಕ್ತಗಳಲ್ಲೂ ಧಾತುಗಳ ಪ್ರಮಾಣ ಸಾಮಾನ್ಯವಾಗಿ ಹೆಚ್ಚುಕಮ್ಮಿ ಆಗುತ್ತಲೇ ಇರುತ್ತೆ ಅಂದುಬಿಟ್ಟ.

ಸ್ಪೇನಿನಲ್ಲಿ ಕೆಲಸ ಮಾಡುತ್ತಿದ್ದ ಪ್ರೂಸ್ಟ್ ಇದನ್ನ ಒಪ್ಪಲಿಲ್ಲ. 1799ರಲ್ಲಿ ಅವನು ಕೊಟ್ಟ ಲೆಕ್ಕ ಹೀಗಿತ್ತು: 100 ಪೌಂಡ್ ತಾಮ್ರವನ್ನ ಆಮ್ಲದಲ್ಲಿ ಕರಗಿಸಿ ಸೋಡಾ ಹಾಕಿ ಇಳಿಸಿದ್ರೆ ಪ್ರತಿ ಸಲವೂ 180 ಪೌಂಡ್ ಹಸಿರು ಕಾರ್ಬೊನೇಟ್. ಗಣಿಯಲ್ಲಿ ಸಿಗೋದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಬರ್ತೊಲೆ ಲೋಹಗಳನ್ನ ಕಾಯಿಸಿ, ಆಮ್ಲಜನಕ ಸ್ವಲ್ಪ ಸ್ವಲ್ಪವೇ ಏರುತ್ತೆ ನೋಡಿ ಅಂದ. ಪ್ರೂಸ್ಟ್ ಅದನ್ನ ಬಿಡಿಸಿ ತೋರಿಸಿದ. ಅದು ಒಂದು ಸಂಯುಕ್ತ ಅಲ್ಲ, ಎರಡು ಆಕ್ಸೈಡುಗಳ ಮಿಶ್ರಣ!

1808ರಲ್ಲಿ ಡಾಲ್ಟನ್‌ನ ಪುಸ್ತಕ ಬಂತು. ಪರಮಾಣುಗಳು ಇಡಿಯಾಗಿಯೇ ಸೇರುತ್ತವೆ ಅಂದ ಮೇಲೆ ಪ್ರಮಾಣ ಸ್ಥಿರವಾಗಿರಲೇಬೇಕಲ್ಲ? ಪ್ರೂಸ್ಟ್ ಗೆದ್ದ. ಇದು ಸಣ್ಣ ಗೆಲುವಲ್ಲ. ಪ್ರಮಾಣ ಸ್ಥಿರವಿಲ್ಲದಿದ್ದರೆ ನೀರಿಗೆ ಒಂದು ಸೂತ್ರ ಬರೆಯೋಕೂ ಆಗ್ತಿರಲಿಲ್ಲ.

ಆದ್ರೆ ಕಥೆ ಇಲ್ಲಿಗೆ ಮುಗಿಯಲ್ಲ. ಪ್ರಮಾಣ ಕ್ರಿಯೆಯನ್ನ ಪ್ರಭಾವಿಸುತ್ತೆ ಅನ್ನೋ ಬರ್ತೊಲೆಯ ಸರಿಯಾದ ಮಾತು, ಅವನ ತಪ್ಪಿನ ಜೊತೆಗೇ ಮೂಲೆ ಸೇರಿತ್ತು. 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಅದನ್ನ ನಿಯಮವಾಗಿ ರೂಪಿಸಿದರು. ಮುಂದೆ ಪ್ರಮಾಣ ನಿಜವಾಗಲೂ ಬದಲಾಗುವ ಘನವಸ್ತುಗಳೂ ಸಿಕ್ಕವು. ಕಬ್ಬಿಣದ ಒಂದು ಆಕ್ಸೈಡಿನಲ್ಲಿ 100 ಆಮ್ಲಜನಕ ಪರಮಾಣುಗಳಿಗೆ ಕಬ್ಬಿಣದ್ದು ಸುಮಾರು 95 ಮಾತ್ರ, ಉಳಿದ ಜಾಗ ಖಾಲಿ. ರಷ್ಯಾದ ಕುರ್ನಕೋವ್ ಇಂಥವಕ್ಕೆ ಇಟ್ಟ ಹೆಸರು ಬರ್ತೊಲೈಡ್! 1987ರಲ್ಲಿ ಸುದ್ದಿ ಮಾಡಿದ ಯಿಟ್ರಿಯಂ-ಬೇರಿಯಂ-ತಾಮ್ರದ ಸೂಪರ್ ಕಂಡಕ್ಟರ್ ಕೂಡ ಇದೇ ಜಾತಿ. ಆಮ್ಲಜನಕ ತೀರಾ ಕಮ್ಮಿಯಾದ್ರೆ ಅದು ಸೂಪರ್ ಕಂಡಕ್ಟರ್ ಆಗಿರೋದೇ ಇಲ್ಲ.

ಹಾಗಂತ ಪ್ರೂಸ್ಟ್ ಸೋತ ಅಂತಲ್ಲ. ನಿಯಮ ಮೊದಲು ಗಟ್ಟಿಯಾಗಿ ನಿಂತಿದ್ದಕ್ಕೇ ಅಪವಾದ ಕಣ್ಣಿಗೆ ಬಿತ್ತು. ನನಗೆ ಬೇಜಾರಾಗೋದು ಒಂದೇ. ಬರ್ತೊಲೆ ಸೋತಾಗ ಅವನ ತಪ್ಪನ್ನೂ ಸರಿಯನ್ನೂ ಒಂದೇ ಗಂಟು ಕಟ್ಟಿ ಅಟ್ಟಕ್ಕೆ ಎಸೆದರಲ್ಲ, ಆ ಗಂಟು ಬಿಚ್ಚೋಕೆ ಅರ್ಧ ಶತಮಾನವೇ ಬೇಕಾಯ್ತು. ನೀವೇನಂತೀರಿ?