ಕಸುಬಿನಿಂದ ಪದವಿಗೆ: ಕೊಪ್ಪಳ ಸೀಮೆಯಲ್ಲಿ ವಿದ್ಯೆ-ಉದ್ಯೋಗಗಳ ನಂಟು

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ಹೊಸ ಜಿಲ್ಲೆಯಾಗಿ ರೂಪುಗೊಂಡವು. ತುಂಗಭದ್ರೆಯ ಕಾಲುವೆ ನೀರುಂಡ ಗಂಗಾವತಿಯ ಭತ್ತದ ಬಯಲು ಒಂದೆಡೆ, ಮಳೆಯನ್ನೇ ನೆಚ್ಚಿದ ಕುಷ್ಟಗಿ-ಯಲಬುರ್ಗಾಗಳ ಹೊಲಗಳು ಇನ್ನೊಂದೆಡೆ. ಈ ಸೀಮೆಯ ಪದವೀಧರರು ಉದ್ಯೋಗಕ್ಕೆ ಸಜ್ಜಾಗಿಲ್ಲವೆಂಬ ಮಾತು ಇಂದು ಸಾಮಾನ್ಯವಾಗಿದ್ದು, ವಿಶ್ವವಿದ್ಯಾಲಯ ಮತ್ತು ಉದ್ಯಮಗಳ ಸಹಕಾರವೇ ಅದಕ್ಕೆ ಪರಿಹಾರವೆಂದು ಸೂಚಿಸಲಾಗುತ್ತದೆ. ಈ ಸಹಕಾರವನ್ನು ಹೊಸ ಕಲ್ಪನೆಯೆಂದು ಬಗೆಯುವ ಮುನ್ನ ಇಲ್ಲಿನ ಕಲಿಕೆಯ ಚರಿತ್ರೆಯನ್ನು ಅವಲೋಕಿಸುವುದು ಅಗತ್ಯ.

ಕೊಪ್ಪಳಕ್ಕೆ ಸಮೀಪದ ಕಿನ್ನಾಳ ಗ್ರಾಮವು ಇದಕ್ಕೆ ಉತ್ತಮ ನಿದರ್ಶನ. ವಿಜಯನಗರದ ಕಾಲದೊಂದಿಗೆ ತಳುಕು ಹಾಕಿಕೊಂಡ ಇಲ್ಲಿನ ಚಿತ್ರಗಾರ ಮನೆತನಗಳು ಹಗುರವಾದ ಮರದಲ್ಲಿ ಗ್ರಾಮದೇವತೆಗಳ ಮೂರ್ತಿಗಳನ್ನೂ ಬೊಂಬೆಗಳನ್ನೂ ರಚಿಸುತ್ತ ಬಂದಿವೆ. ಹುಣಸೆಬೀಜದ ಅಂಟನ್ನು ಹದಗೊಳಿಸುವುದು, ನೆನೆಸಿ ಒಣಗಿಸಿದ ಗೋಣಿನಾರಿನ ಪುಡಿಯನ್ನು ಆ ಅಂಟಿನಲ್ಲಿ ಕಲಸಿ ಮರದ ಸಂದುಗಳನ್ನು ತುಂಬುವುದು, ಬಣ್ಣ ಹಚ್ಚುವುದು - ಇವುಗಳನ್ನು ಎಳೆಯರು ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿಯುತ್ತಿದ್ದರು. ಮೂರ್ತಿ ಮಾಡಿಸುವ ಊರಿನ ಹಿರಿಯರು ಕೆಲಸದ ಗುಣವನ್ನು ಪರೀಕ್ಷಿಸುತ್ತಿದ್ದರು. ಎಂದರೆ ಕಲಿಸುವವನು, ಕಲಿಯುವವನು ಮತ್ತು ಕೆಲಸ ಕೊಡುವವನು ಒಂದೇ ಅಂಗಳದಲ್ಲಿ ಸೇರುತ್ತಿದ್ದರು. ಉದ್ಯೋಗಾರ್ಹತೆ ಎಂಬ ಪ್ರತ್ಯೇಕ ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ. ಆದರೆ ಈ ಪದ್ಧತಿಯನ್ನು ಆದರ್ಶೀಕರಿಸುವಂತಿಲ್ಲ. ಹುಟ್ಟಿದ ಮನೆತನವೇ ಕಸುಬನ್ನು ನಿರ್ಧರಿಸುತ್ತಿತ್ತು. ಹೊರಗಿನವರಿಗೆ ಆ ಅಂಗಳದ ಬಾಗಿಲು ಮುಚ್ಚಿತ್ತು. ಆಧುನಿಕ ಶಿಕ್ಷಣದ ದೊಡ್ಡ ಭರವಸೆಯಿದ್ದುದು ಆ ಬಾಗಿಲನ್ನು ತೆರೆಯುವುದರಲ್ಲಿಯೇ.

ಆ ಭರವಸೆ ಈ ಸೀಮೆಗೆ ಬಂದ ದಾರಿ ವಿಶಿಷ್ಟವಾದುದು. 1948ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಕೊಪ್ಪಳ ಭಾಗವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದುವಾಗಿದ್ದು, ಸಂಸ್ಥಾನದ ಆಡಳಿತ ಭಾಷೆಯೂ ಅದೇ ಆಗಿತ್ತು. ವಿಶ್ವವಿದ್ಯಾಲಯಕ್ಕೆ ದೊಡ್ಡ ಉದ್ಯೋಗದಾತನೆಂದರೆ ಸರ್ಕಾರವೇ. ಇವೆರಡರ ನಡುವೆ ಬಿಗಿಯಾದ ಹೊಂದಾಣಿಕೆಯಿತ್ತು. ಆದರೆ ಕನ್ನಡವನ್ನು ಮಾತ್ರ ಬಲ್ಲ ಹಳ್ಳಿಯ ಹುಡುಗನಿಗೆ ಅದು ಎಟುಕಲಿಲ್ಲ. ವಿದ್ಯೆಯೆಂದರೆ 'ನೌಕರಿ', ನೌಕರಿಯೆಂದರೆ ಸರ್ಕಾರದ್ದು ಎಂಬ ಸಮೀಕರಣ ಜನಮಾನಸದಲ್ಲಿ ಬೇರೂರಲು ಈ ಚರಿತ್ರೆಯೂ ಕಾರಣವೆನ್ನಬಹುದು. 'ಕೈ ಕೆಸರಾದರೆ ಬಾಯಿ ಮೊಸರು' ಎನ್ನುವ ನಾಡಿನಲ್ಲಿಯೇ ಓದಿದವನು ಕೈ ಕೆಸರು ಮಾಡಿಕೊಳ್ಳಬಾರದೆಂಬ ಭಾವನೆ ಬೆಳೆಯಿತು.

1956ರ ಏಕೀಕರಣದ ನಂತರ ಕನ್ನಡದಲ್ಲಿ ಶಿಕ್ಷಣ ವಿಸ್ತರಿಸಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2010ರಲ್ಲಿ ಬಳ್ಳಾರಿಯ ವಿಶ್ವವಿದ್ಯಾಲಯ, 2023ರಲ್ಲಿ ಕಾರ್ಯಾರಂಭ ಮಾಡಿದ ಕೊಪ್ಪಳ ವಿಶ್ವವಿದ್ಯಾಲಯ - ಹೀಗೆ ಉನ್ನತ ಶಿಕ್ಷಣ ಹಂತಹಂತವಾಗಿ ಸಮೀಪಿಸಿತು. 371ಜೆ ವಿಧಿಯು ಶಿಕ್ಷಣ ಹಾಗೂ ಸರ್ಕಾರಿ ಹುದ್ದೆಗಳಲ್ಲಿ ಈ ಭಾಗದವರಿಗೆ ಮೀಸಲಾತಿಯ ಅವಕಾಶ ಕಲ್ಪಿಸಿತು. ಇದು ನ್ಯಾಯಯುತವಾದ ಕ್ರಮ. ಆದರೆ ಪದವಿ ಪಡೆದವರೆಲ್ಲರಿಗೂ ಸಾಲುವಷ್ಟು ಸರ್ಕಾರಿ ಹುದ್ದೆಗಳಿಲ್ಲ.

ಇತ್ತ ಜಿಲ್ಲೆಯಲ್ಲಿ ದುಡಿಮೆಯ ನೆಲೆಗಳಿಗೆ ಕೊರತೆಯಿಲ್ಲ. ಗಂಗಾವತಿ-ಕಾರಟಗಿಯ ಅಕ್ಕಿ ಗಿರಣಿಗಳು, ಕೊಪ್ಪಳ ಬಳಿಯ ಕಬ್ಬಿಣ-ಉಕ್ಕಿನ ಕಾರ್ಖಾನೆಗಳು, ಭಾಗ್ಯನಗರದ ಕೂದಲು ಸಂಸ್ಕರಣೆ, ಕುಷ್ಟಗಿ ತಾಲೂಕಿನ ದೋಟಿಹಾಳದ ನೇಕಾರಿಕೆ ಇವೆಲ್ಲ ಇಲ್ಲಿವೆ. 2021ರಲ್ಲಿ ಭಾನಾಪುರದ ಬಳಿ ಸುಮಾರು 400 ಎಕರೆಯ ಆಟಿಕೆ ತಯಾರಿಕಾ ಕ್ಲಸ್ಟರಿಗೆ ಶಂಕುಸ್ಥಾಪನೆಯಾಯಿತು. ಬೊಂಬೆಯ ಕಿನ್ನಾಳವಿರುವ ಜಿಲ್ಲೆಯಲ್ಲಿಯೇ ಯಂತ್ರದ ಆಟಿಕೆಯೂ ತಯಾರಾಗುವುದು ಚರಿತ್ರೆಯ ಕುತೂಹಲಕರ ಸಂಯೋಗ. ಒಂದು ಜ್ಞಾನಪರಂಪರೆ ಇನ್ನೊಂದಕ್ಕೆ ಏನು ಕೊಡಬಲ್ಲದೆಂಬುದು ವಿಶ್ವವಿದ್ಯಾಲಯವು ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆ.

ಇದಕ್ಕೆ ಕಾನೂನಿನ ಆಧಾರವೂ ಉಂಟು. 1961ರ ಅಪ್ರೆಂಟಿಸ್ ಕಾಯಿದೆಯನ್ನು 1973ರಲ್ಲಿ ಎಂಜಿನಿಯರಿಂಗ್ ಪದವೀಧರರಿಗೂ 2014ರಲ್ಲಿ ಇತರ ಪದವೀಧರರಿಗೂ ವಿಸ್ತರಿಸಲಾಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2020ರಲ್ಲಿ ವೃತ್ತಿತರಬೇತಿಯನ್ನು ಪದವಿಯ ಅಂಗವಾಗಿಸುವ ಮಾರ್ಗಸೂಚಿಯನ್ನು ಪ್ರಕಟಿಸಿತು. ಕಾಯಿದೆಯ ಪ್ರಕಾರ ತರಬೇತಿದಾರನಿಗೆ ಶಿಷ್ಯವೇತನ ಸಲ್ಲಬೇಕು. ಈ ಅಂಶವನ್ನು ಮರೆತರೆ ಸಹಕಾರವು ಅಗ್ಗದ ಕೂಲಿಯ ಇನ್ನೊಂದು ಹೆಸರಾದೀತು.

2025ರಲ್ಲಿ ಕೊಪ್ಪಳವೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳ ಅಸ್ತಿತ್ವವೇ ಚರ್ಚೆಗೆ ಒಳಗಾಯಿತು. ಕಟ್ಟಡ, ಅನುದಾನ, ವಿದ್ಯಾರ್ಥಿಗಳ ಸಂಖ್ಯೆ ಇಂಥ ಚರ್ಚೆಯ ಸಹಜ ಅಳತೆಗೋಲುಗಳು. ಸುತ್ತಲಿನ ಗಿರಣಿ, ಮಗ್ಗ, ಕಾರ್ಖಾನೆಗಳೊಡನೆ ವಿಶ್ವವಿದ್ಯಾಲಯ ಎಂಥ ಸಂಬಂಧವನ್ನು ಕಟ್ಟಿಕೊಂಡಿದೆಯೆಂಬುದೂ ಅವುಗಳ ಜೊತೆಗೆ ಸೇರಬೇಕು. ಕಿನ್ನಾಳದ ಅಂಗಳದಿಂದ ಪಡೆಯಬೇಕಾದುದು ಕಲಿಕೆ ಮತ್ತು ಕೆಲಸಗಳ ಸಾಮೀಪ್ಯವನ್ನು. ಬಿಡಬೇಕಾದುದು ಹುಟ್ಟಿನ ಕಟ್ಟುಪಾಡನ್ನು. ಯಲಬುರ್ಗಾದ ಒಣಭೂಮಿಯ ರೈತನ ಮಗಳು ಪದವಿಯೊಂದಿಗೆ ತನ್ನ ಜಿಲ್ಲೆಯಲ್ಲಿಯೇ ಗೌರವದ ದುಡಿಮೆ ಕಂಡಾಗ ಮಾತ್ರ ಆಧುನಿಕ ಶಿಕ್ಷಣ ಈ ಸೀಮೆಗೆ ಕೊಟ್ಟ ಮಾತನ್ನು ಉಳಿಸಿಕೊಂಡಂತಾಗುತ್ತದೆ.