ತೆರೆಯ ಮೇಲಿನ ಮುಖ, ತೆರೆಯ ಹಿಂದಿನ ಕಂಠ: ಹಾಲಿವುಡ್ ಸಂಗೀತಚಿತ್ರಗಳಲ್ಲಿ ಎರವಲು ದನಿ

ಕನ್ನಡದ ಪ್ರೇಕ್ಷಕನಿಗೆ ಹಿನ್ನೆಲೆ ಗಾಯನವೆಂಬುದು ಗುಟ್ಟಿನ ಸಂಗತಿಯಲ್ಲ. ರಾಜಕುಮಾರ್ ಅವರ ತುಟಿಗಳಿಂದ ಪಿ.ಬಿ. ಶ್ರೀನಿವಾಸ್ ಅವರ ಕಂಠ ಹೊಮ್ಮಿದಾಗ ಆತ ತಾನು ಮೋಸಹೋದೆನೆಂದು ಭಾವಿಸಲಿಲ್ಲ. ಇಬ್ಬರನ್ನೂ ಹೆಸರು ಹಿಡಿದು ಮೆಚ್ಚಿಕೊಂಡ. ಇದೇ ಪದ್ಧತಿ ಹಾಲಿವುಡ್ಡಿನ ಸಂಗೀತಚಿತ್ರಗಳಲ್ಲಿಯೂ ಬಳಕೆಯಲ್ಲಿತ್ತು; ಆದರೆ ಅಲ್ಲಿ ಹಾಡಿದವರ ಹೆಸರನ್ನು ಬಹುಮಟ್ಟಿಗೆ ಮುಚ್ಚಿಡಲಾಯಿತು. ಈ ಮುಚ್ಚುಮರೆಯ ಕಾರಣವನ್ನು ತಂತ್ರಜ್ಞಾನದಲ್ಲಲ್ಲ, ತಾರಾವ್ಯವಸ್ಥೆಯ ವ್ಯಾಪಾರದಲ್ಲಿ ಹುಡುಕಬೇಕೆಂಬುದು ಪ್ರಸ್ತುತ ಲೇಖನದ ನಿಲುವು.

1927ರ ಅಕ್ಟೋಬರಿನಲ್ಲಿ ತೆರೆಕಂಡ 'ದಿ ಜಾಝ್ ಸಿಂಗರ್' ಚಿತ್ರದಲ್ಲಿ ಅಲ್ ಜೋಲ್ಸನ್ ಕ್ಯಾಮೆರಾದ ಎದುರಿನಲ್ಲಿಯೇ ಹಾಡಿದ್ದರು. ಅದಾದ ಬಳಿಕ ಎಂ.ಜಿ.ಎಂ. ಸಂಸ್ಥೆಯ 'ದಿ ಬ್ರಾಡ್‌ವೇ ಮೆಲೊಡಿ' ತಯಾರಾಗುತ್ತಿದ್ದಾಗ ಒಂದು ನೃತ್ಯಭಾಗವನ್ನು ಮತ್ತೆ ಚಿತ್ರೀಕರಿಸಬೇಕಾಗಿ ಬಂತು. ಧ್ವನಿವಿಭಾಗದ ಡಗ್ಲಸ್ ಶಿಯರರ್ ಒಂದು ಉಪಾಯ ಸೂಚಿಸಿದರು: ಮುದ್ರಣಗೊಂಡ ಸಂಗೀತ ಚೆನ್ನಾಗಿಯೇ ಇದೆ, ಅದನ್ನೇ ನುಡಿಸಿ ನೃತ್ಯವನ್ನಷ್ಟೇ ಮತ್ತೆ ಚಿತ್ರೀಕರಿಸಿದರೆ ಸಾಕು. ಹಾಡನ್ನು ಮೊದಲೇ ಮುದ್ರಿಸಿಕೊಂಡು ಅದಕ್ಕೆ ತುಟಿಯಾಡಿಸುವ ಕ್ರಮ ಕ್ರಮೇಣ ರೂಢಿಯಾಯಿತು. ಫ್ರೆಡ್ ಆಸ್ಟೇರ್, ಜೂಡಿ ಗಾರ್ಲೆಂಡ್ ಮುಂತಾದವರು ತಮ್ಮದೇ ದನಿಗೆ ತುಟಿಯಾಡಿಸಿದರು. ಆದರೆ ದೇಹದಿಂದ ದನಿ ಒಮ್ಮೆ ಬೇರ್ಪಟ್ಟ ಮೇಲೆ, ಆ ದನಿ ಯಾರದಾದರೂ ಆಗಬಹುದಿತ್ತು. 'ಗಿಲ್ಡಾ' (1946) ಚಿತ್ರದಲ್ಲಿ ರೀಟಾ ಹೇವರ್ತ್ ಅವರಿಗೆ ಅನಿತಾ ಎಲ್ಲಿಸ್, 'ದಿ ಬ್ಯಾಂಡ್ ವ್ಯಾಗನ್' (1953) ಚಿತ್ರದಲ್ಲಿ ಸಿಡ್ ಚರೀಸ್ ಅವರಿಗೆ ಇಂಡಿಯಾ ಆಡಮ್ಸ್ ಕಂಠವಿತ್ತರು.

ಈ ಗುಟ್ಟನ್ನೇ ಕಥಾವಸ್ತುವಾಗಿಸಿಕೊಂಡ ಚಿತ್ರ 'ಸಿಂಗಿನ್ ಇನ್ ದ ರೇನ್' (1952). ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡೊನೆನ್ ನಿರ್ದೇಶಿಸಿದ ಈ ಚಿತ್ರದಲ್ಲಿ, ಕರ್ಕಶ ದನಿಯ ತಾರೆ ಲೀನಾಳಿಗೆ ತೆರೆಯ ಹಿಂದೆ ನಿಂತು ಹಾಡುವವಳು ಕ್ಯಾಥಿ ಎಂಬ ಹುಡುಗಿ. ಕೊನೆಯಲ್ಲಿ ಪರದೆ ಮೇಲೇರುತ್ತದೆ, ನಿಜವಾದ ಗಾಯಕಿಗೆ ಮನ್ನಣೆ ದೊರೆಯುತ್ತದೆ. ಆದರೆ ಕ್ಯಾಥಿಯ ಪಾತ್ರ ವಹಿಸಿದ ಡೆಬ್ಬಿ ರೆನಾಲ್ಡ್ಸ್ ಅವರು ಲೀನಾಳಿಗಾಗಿ ಹಾಡುವಂತೆ ಕಾಣುವ ಗೀತೆಯಲ್ಲಿ ಕೇಳಿಬರುವುದು ಬೆಟ್ಟಿ ನಾಯ್ಸ್ ಎಂಬ ಗಾಯಕಿಯ ದನಿ. ಲೀನಾಳಿಗಾಗಿ ಕ್ಯಾಥಿ ಆಡುವಂತೆ ತೋರುವ ಮಾತುಗಳಂತೂ ಲೀನಾ ಪಾತ್ರಧಾರಿ ಜೀನ್ ಹೇಗನ್ ಅವರ ಸಹಜ ದನಿಯವು! ಅನ್ಯಾಯವನ್ನು ಬಯಲಿಗೆಳೆಯುವ ಚಿತ್ರವೇ ನಾಯ್ಸ್ ಅವರ ಹೆಸರನ್ನು ತೆರೆಗೆ ತರಲಿಲ್ಲ. ಇದನ್ನು ಬರಿಯ ವಿನೋದವೆಂದು ದಾಟಿಹೋಗುವುದು ಸರಿಯಲ್ಲ.

ಮಾರ್ನಿ ನಿಕ್ಸನ್ (1930-2016) ಅವರ ವೃತ್ತಿಜೀವನ ಈ ಚರಿತ್ರೆಯ ಮುಖ್ಯ ಆಕರ. 'ದಿ ಕಿಂಗ್ ಅಂಡ್ ಐ' (1956) ಚಿತ್ರದಲ್ಲಿ ಡೆಬೋರಾ ಕೆರ್ ಅವರಿಗಾಗಿ ಆಕೆ ಹಾಡಿದರು. ಬಾಯಿಬಿಟ್ಟರೆ ಮುಂದೆ ಕೆಲಸ ದೊರೆಯದೆಂದು ಸ್ಟುಡಿಯೋದವರು ಎಚ್ಚರಿಸಿದ್ದರೆಂದು ಅವರೇ ಬಳಿಕ ಹೇಳಿಕೊಂಡಿದ್ದಾರೆ. ವಿಷಯವನ್ನು ಬಹಿರಂಗಪಡಿಸಿದವರು ಸ್ವತಃ ಕೆರ್. ಅದು ಅವರ ಔದಾರ್ಯ. 'ವೆಸ್ಟ್ ಸೈಡ್ ಸ್ಟೋರಿ' (1961) ಚಿತ್ರದಲ್ಲಿ ನಟಾಲಿ ವುಡ್ ಅವರು ತಮ್ಮ ದನಿಯೇ ಉಳಿಯುವುದೆಂದು ನಂಬಿ ಹಾಡಿದ್ದರು. ಕೊನೆಗೆ ಉಳಿದದ್ದು ನಿಕ್ಸನ್ ದನಿ. ಧ್ವನಿಮುದ್ರಿಕೆಯ ಮಾರಾಟದಲ್ಲಿ ಆಕೆಗೆ ಪಾಲಿರಲಿಲ್ಲ. ಸಂಗೀತ ರಚಿಸಿದ ಲಿಯೊನಾರ್ಡ್ ಬರ್ನ್‌ಸ್ಟೈನ್ ತಮ್ಮ ಗೌರವಧನದಿಂದ ಶೇಕಡಾ ಕಾಲು ಭಾಗವನ್ನು ಬಿಟ್ಟುಕೊಟ್ಟರು. ಅಂದರೆ ನ್ಯಾಯ ದೊರೆತದ್ದು ಒಬ್ಬ ವ್ಯಕ್ತಿಯ ಸೌಜನ್ಯದಿಂದಲೇ ಹೊರತು ಕರಾರಿನಿಂದಲ್ಲ.

'ಮೈ ಫೇರ್ ಲೇಡಿ' (1964) ಇನ್ನಷ್ಟು ಸ್ಪಷ್ಟವಾದ ನಿದರ್ಶನ. ರಂಗಭೂಮಿಯಲ್ಲಿ ಎಲೈಜಾ ಪಾತ್ರವನ್ನು ಹಾಡಿ ನಟಿಸಿದ್ದ ಜೂಲಿ ಆಂಡ್ರ್ಯೂಸ್ ಅವರನ್ನು ಬಿಟ್ಟು ಜ್ಯಾಕ್ ವಾರ್ನರ್ ಅವರು ಆಡ್ರೆ ಹೆಪ್‌ಬರ್ನ್ ಅವರನ್ನು ಆರಿಸಿದರು. ಆಕೆಯ ಹಾಡುಗಳ ಬಹುಭಾಗವನ್ನು ನಿಕ್ಸನ್ ಹಾಡಿದರು. ಅದೇ ಚಿತ್ರದ ನಾಯಕ ರೆಕ್ಸ್ ಹ್ಯಾರಿಸನ್ ಮೊದಲೇ ಮುದ್ರಿಸಿದ ಹಾಡಿಗೆ ತುಟಿಯಾಡಿಸಲು ಒಪ್ಪಲಿಲ್ಲ. ಅವರ ಕತ್ತಿನ ಟೈಯೊಳಗೆ ನಿಸ್ತಂತು ಮೈಕನ್ನು ಅಡಗಿಸಿ, ಸೆಟ್ಟಿನಲ್ಲಿಯೇ ದನಿಯನ್ನು ಮುದ್ರಿಸಿಕೊಳ್ಳಲಾಯಿತು. ನಾಯಕನ ಹಟಕ್ಕೆ ತಂತ್ರಜ್ಞಾನ ಮಣಿಯಿತು. ನಾಯಕಿಯ ದನಿಯನ್ನು ಅದೇ ತಂತ್ರಜ್ಞಾನ ಬದಲಿಸಿತು. 1965ರ ಆಸ್ಕರ್ ಸಮಾರಂಭದಲ್ಲಿ ಹ್ಯಾರಿಸನ್ ಶ್ರೇಷ್ಠ ನಟರಾದರು. ಹೆಪ್‌ಬರ್ನ್ ನಾಮನಿರ್ದೇಶನವನ್ನೂ ಪಡೆಯಲಿಲ್ಲ. ಶ್ರೇಷ್ಠ ನಟಿ ಪ್ರಶಸ್ತಿ 'ಮೇರಿ ಪಾಪಿನ್ಸ್' ಚಿತ್ರಕ್ಕಾಗಿ ಜೂಲಿ ಆಂಡ್ರ್ಯೂಸ್ ಅವರಿಗೆ ಸಂದಿತು.

ಹಾಡಲು ಬಾರದವರಿಗೆ ಮಾತ್ರ ಎರವಲು ದನಿ ಬೇಕಾಗಿತ್ತೆಂಬ ವಾದವೂ ನಿಲ್ಲುವುದಿಲ್ಲ. 'ಕಾರ್ಮೆನ್ ಜೋನ್ಸ್' (1954) ಚಿತ್ರದ ಡೊರೋತಿ ಡ್ಯಾಂಡ್ರಿಜ್ ಮತ್ತು ಹ್ಯಾರಿ ಬೆಲಾಫೊಂಟೆ ಇಬ್ಬರೂ ವೃತ್ತಿನಿರತ ಗಾಯಕರು. ಬಿಜೆಯ ಆಪೆರಾ ಸಂಗೀತಕ್ಕೆ ಅವರ ಕಂಠ ಒಗ್ಗದೆಂದು ಬೇರೆಯವರಿಂದ ಹಾಡಿಸಲಾಯಿತು. ಶ್ರೇಷ್ಠ ನಟಿ ವಿಭಾಗದಲ್ಲಿ ನಾಮನಿರ್ದೇಶನಗೊಂಡ ಮೊದಲ ಕಪ್ಪುವರ್ಣೀಯ ಮಹಿಳೆ ಡ್ಯಾಂಡ್ರಿಜ್. ಅವರ ಪಾತ್ರಕ್ಕೆ ಹಾಡಿದವರು ಬಿಳಿಯ ಯುವತಿ ಮರಿಲಿನ್ ಹಾರ್ನ್.

ನಮ್ಮಲ್ಲಿಯೂ ಗಾಯಕರ ಹೆಸರು ತಾನಾಗಿ ಬೆಳಕಿಗೆ ಬಂದದ್ದಲ್ಲ. 1949ರ ಹಿಂದಿ ಚಿತ್ರ 'ಮಹಲ್'ನಲ್ಲಿ ಲತಾ ಮಂಗೇಶ್ಕರ್ ಹಾಡಿದ ಗೀತೆಯ ಮುದ್ರಿಕೆಯ ಮೇಲೆ ಮೊದಲು ಅಚ್ಚಾದದ್ದು ಕಥೆಯ ಪಾತ್ರವಾದ ಕಾಮಿನಿಯ ಹೆಸರು.

ಗ್ರಂಥಾಲಯಗಳಲ್ಲಿ ಇಂತಹ ಧ್ವನಿಮುದ್ರಿಕೆಗಳ ಸೂಚಿ ತಯಾರಿಸುವವರು ಹೊದಿಕೆಯ ಮೇಲಿನ ಹೆಸರನ್ನಾಗಲಿ ಚಿತ್ರವನ್ನಾಗಲಿ ಕುರುಡಾಗಿ ನಂಬುವಂತಿಲ್ಲ. 'ಷೋ ಬೋಟ್' (1951) ಚಿತ್ರದಲ್ಲಿ ಆವಾ ಗಾರ್ಡ್‌ನರ್ ಅವರಿಗೆ ಹಾಡಿದವರು ಆನೆಟ್ ವಾರೆನ್. ಅದೇ ಚಿತ್ರದ ಮುದ್ರಿಕೆಯಲ್ಲಿರುವುದು ಗಾರ್ಡ್‌ನರ್ ಅವರದೇ ದನಿ. ತೆರೆಯ ಮೇಲಿನ ಹೆಸರುಪಟ್ಟಿಯೊಂದನ್ನೇ ಆಧಾರವಾಗಿಟ್ಟುಕೊಂಡರೆ, ಮೇಲೆ ಹೇಳಿದ ನಿಕ್ಸನ್ ಅವರ ಮೂರು ಚಿತ್ರಗಳು ಅವರ ಲೆಕ್ಕಕ್ಕೆ ಬರುವುದಿಲ್ಲ. ಬರುವುದು 'ದಿ ಸೌಂಡ್ ಆಫ್ ಮ್ಯೂಸಿಕ್' (1965) ಚಿತ್ರದಲ್ಲಿ ಇತರ ಸನ್ಯಾಸಿನಿಯರೊಡನೆ ಹಾಡುವ ಸಿಸ್ಟರ್ ಸೋಫಿಯಾ ಎಂಬ ಕಿರುಪಾತ್ರ. ಅಲ್ಲಿ ಮುಖವೂ ಅವರದೇ, ದನಿಯೂ ಅವರದೇ.